ಇವತ್ತು ಎಷ್ಟು ಗ್ರಾಂ?

ಪುಟ್ಟಿ,

ಮುಂದಿನ ವಾರದಿಂದ ನಿನ್ನನ್ನು ಹಸುಗೂಸುಗಳ ವಾರ್ಡಿನ ಕೆಲಸಕ್ಕೆ ಹಾಕಿದ್ದಾರೆ ಅಂತ ಮೊನ್ನೆ ಫೋನಿನಲ್ಲಿ ನೀನು ಹೇಳಿದೆ. ಆಗ ನನಗೆ ಮಾತೇ ಬರಲಿಲ್ಲ. ಈಗ ರಾತ್ರಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಬಂದು ಬರೆಯೋಕೆ ಕೂತಿದ್ದೇನೆ.

ನೀನು ಎಂಟು ತಿಂಗಳಿಗೇ ಹುಟ್ಟಿದೆ. 1 ಕೆಜಿ 350 ಗ್ರಾಂ. ಡಿಸೆಂಬರ್ ತಿಂಗಳು, ಶಿಡ್ಲಘಟ್ಟದ ಕಡೆ ಬೆಳಗಿನ ಮಂಜಿಗೆ ಹಿಪ್ಪುನೇರಳೆ ಸಾಲೇ ಕಾಣುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನಿನ್ನನ್ನು ಇನ್‌ಕ್ಯುಬೇಟರಿನಲ್ಲಿ ಇಟ್ಟರು. ಗಾಜಿನಂಥ ಪೆಟ್ಟಿಗೆ, ಕೈ ಹಾಕಲು ದುಂಡನೆಯ ಕಿಂಡಿಗಳು. ನಿನ್ನ ಹೊಟ್ಟೆಯ ಮೇಲೆ ಬೆಳ್ಳಿ ಬಣ್ಣದ ಚಿಕ್ಕ ಬಿಲ್ಲೆ, ಅದಕ್ಕೊಂದು ವೈರು. ನೋಡಿ ಎದೆ ಹಿಂಡಿದಂತಾಯಿತು. ಮೂರು ದಿನ ಯಾರನ್ನೂ ಏನೂ ಕೇಳಲಿಲ್ಲ.

ನಾಲ್ಕನೇ ದಿನ ಒಬ್ಬರು ಸಿಸ್ಟರ್ ತಾವೇ ಕರೆದು ತೋರಿಸಿದರು. ಹಾಸಿಗೆ ಕೆಳಗೆ ಹೀಟರು, ಫ್ಯಾನು, ತೇವಕ್ಕೆ ನೀರಿನ ತೊಟ್ಟಿ. ಬಿಸಿ ಗಾಳಿ ಮೇಲೆದ್ದು ಮಗುವಿನ ಸುತ್ತ ಸುತ್ತುತ್ತೆ. ಹೊಟ್ಟೆ ಮೇಲಿನ ಬಿಲ್ಲೆ ಚರ್ಮದ ಬಿಸಿ ಅಳೆಯುತ್ತೆ. 36.5 ಡಿಗ್ರಿಗಿಂತ ಇಳಿದರೆ ಹೀಟರು ಜಾಸ್ತಿ ಕಾಯುತ್ತೆ, ಏರಿದರೆ ತಗ್ಗುತ್ತೆ.

"ಇದು ನಮ್ಮ ಚಾಕಿ ಮನೆ ಅಲ್ವಾ ಸಿಸ್ಟರ್" ಅಂದೆ. ಚಾಕಿ ಮನೆಯಲ್ಲಿ, ಮೊಟ್ಟೆಯಿಂದ ಆಗತಾನೇ ಬಂದ ಮರಿಹುಳಕ್ಕೂ 27, 28 ಡಿಗ್ರಿ ಬಿಸಿ ಬೇಕು, ತೇವ ಬೇಕು. ನಿಮ್ಮಜ್ಜಿ ತಟ್ಟೆಗೆ ಮೇಣದ ಕಾಗದ ಹೊದಿಸಿ, ಅಂಚಿಗೆ ಒದ್ದೆ ಸ್ಪಂಜು ಇಡುತ್ತಿದ್ದಳು.

ಆದರೆ ಹುಳಕ್ಕೆ ಚಳಿಯಾದರೆ ಸೊಪ್ಪು ಬಿಟ್ಟು ಸುಮ್ನೆ ಕೂರುತ್ತೆ. ಮಗು ಹಾಗಲ್ಲ. ಮೈ ಬಿಸಿ ಉಳಿಸಿಕೊಳ್ಳೋಕೆ ತನ್ನ ಕೊಬ್ಬನ್ನೇ ಕರಗಿಸುತ್ತೆ. ನಮ್ಮ ಹಾಗೆ ನಡುಗಿ ಬಿಸಿಯಾಗೋಕೆ ಅದಕ್ಕೆ ಬರಲ್ಲ. ತಿಂಗಳು ತುಂಬದ ಕೂಸಿಗೆ ಆ ಕೊಬ್ಬೂ ಕಡಿಮೆ, ಚರ್ಮವೂ ತೆಳು. ನಿಮ್ಮಮ್ಮ ಹಿಂಡಿ ಕೊಟ್ಟ ಹಾಲೆಲ್ಲ ಬಿಸಿಗೇ ಖರ್ಚಾದರೆ ನೀನು ಬೆಳೆಯೋದು ಹೇಗೆ? ಪೆಟ್ಟಿಗೆ ಬಿಸಿ ಕೊಟ್ಟರೆ ಹಾಲು ಮೈಗೆ ಹತ್ತುತ್ತೆ. ಇದು ತಿಳಿದ ಮೇಲೆ ದಿನಾ ಬೆಳಿಗ್ಗೆ ನಾನು ಕೇಳುತ್ತಿದ್ದುದು ಒಂದೇ, ಇವತ್ತು ಎಷ್ಟು ಗ್ರಾಂ.

ಒಂದು ರಾತ್ರಿ ಅಲಾರಂ ಹೊಡೆದುಕೊಂಡಿತು. ಹೀಟರು ಕಾಯುತ್ತಿದೆ, ಒಳಗಿನ ಗಾಳಿ ಬೆಚ್ಚಗಿದೆ, ನಿನ್ನ ಮೈ ಮಾತ್ರ ತಣ್ಣಗಾಗುತ್ತಿದೆ. ಸಿಸ್ಟರ್ ನನ್ನ ಕೈ ಹಿಡಿದು ಪೆಟ್ಟಿಗೆಯ ಕಿಟಕಿ ಕಡೆಯ ಗೋಡೆಗೆ ಮುಟ್ಟಿಸಿದರು. ಕೊರೆಯುತ್ತಿತ್ತು. ಬೇಸಿಗೆ ಸಂಜೆ ಕಾದ ಬಂಡೆಯ ಪಕ್ಕ ನಿಂತರೆ ಮುಟ್ಟದೇನೇ ಬಿಸಿ ತಾಗುತ್ತಲ್ಲ, ಹಾಗೆ ನಿನ್ನ ಮೈಯ ಬಿಸಿ ಆ ತಣ್ಣನೆ ಗೋಡೆಗೆ ಹೋಗುತ್ತಿತ್ತು. ಅಲ್ಲಿ ಬಂಡೆ ನೀನು. ಇಬ್ಬರೂ ಸೇರಿ ಪೆಟ್ಟಿಗೆಯನ್ನು ಕಿಟಕಿಯಿಂದ ದೂರ ತಳ್ಳಿದೆವು. ಎರಡು ಪದರದ ಗೋಡೆ ಇರೋ ಪೆಟ್ಟಿಗೆ ಮಾಡೋದು ಇದಕ್ಕೇ. ಒಳಗಿನ ಪದರ ಬೆಚ್ಚಗಿರುತ್ತೆ. ನಿನ್ನದು ಒಂದೇ ಪದರದ್ದು.

ಈ ಪೆಟ್ಟಿಗೆಯ ಮೂಲ ಕೋಳಿಮರಿ ಅಂತ ಆಮೇಲೆ ಓದಿದೆ. ಪ್ಯಾರಿಸ್ಸಿನ ಡಾಕ್ಟರ್ ಸ್ಟೆಫಾನ್ ಟಾರ್ನಿಯೆ ಅಲ್ಲಿನ ಮೃಗಾಲಯದಲ್ಲಿ ಮೊಟ್ಟೆ ಮರಿ ಮಾಡುವ ಯಂತ್ರ ನೋಡಿ, ಅದನ್ನು ಮಾಡಿದವನಿಂದಲೇ ಕೂಸುಗಳಿಗೂ ಒಂದು ಮಾಡಿಸಿದರು. 1880ರ ಹೊತ್ತಿಗೆ ಅದು ಹೆರಿಗೆ ಆಸ್ಪತ್ರೆಗೆ ಬಂತು. ಕೆಳಗೆ ಬಿಸಿನೀರು, ಮೇಲೆ ಮಕ್ಕಳು, ಅಷ್ಟೇ. ಅಲ್ಲಿ 2 ಕೆಜಿಗಿಂತ ಕಡಿಮೆ ತೂಕದ ಕೂಸುಗಳಲ್ಲಿ 100ಕ್ಕೆ 66 ಸಾಯುತ್ತಿದ್ದುದು 38ಕ್ಕೆ ಇಳಿಯಿತು. ಸುಮ್ನೆ ಬೆಚ್ಚಗಿಟ್ಟಿದ್ದಕ್ಕೆ! ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಮೊದಲ ವಾರ ನಿನ್ನ ತೂಕ ಇಳಿಯಿತು. ಹತ್ತನೇ ದಿನ 20 ಗ್ರಾಂ ಏರಿದೆ ಅಂದರು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಅತ್ತೆ. ಪೆಟ್ಟಿಗೆಯಿಂದ ತೆಗೆದ ಮೇಲೆ ಬಟ್ಟೆಯಿಲ್ಲದೆ ನಿಮ್ಮಮ್ಮನ ಎದೆಗೆ ಕಟ್ಟಿದರು, ಚರ್ಮಕ್ಕೆ ಚರ್ಮ ತಾಗುವ ಹಾಗೆ. ಅವಳಿಗೆ ಸುಸ್ತಾದಾಗ ನನ್ನ ಎದೆಗೆ. ನಿನ್ನ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು.

ಆ ಕಿಂಡಿಯಲ್ಲಿ ಕೈ ಹಾಕುವ ಮುಂಚೆ ನಿನ್ನ ಕೈ ಬೆಚ್ಚಗೆ ಮಾಡಿಕೋ ಕಂದಾ. ಕೆಲಸ ಮುಗಿದ ಕೂಡಲೇ ಕಿಂಡಿ ಮುಚ್ಚು. ಬಾಗಿಲ ಹತ್ತಿರ ಯಾರಾದರೂ ಅಪ್ಪ ಏನೂ ಕೇಳದೆ ನಿಂತಿದ್ದರೆ, ಅವತ್ತಿನ ತೂಕ ಎಷ್ಟು ಅಂತ ನೀನೇ ಹೋಗಿ ಹೇಳು.

ನಿನ್ನ ಅಪ್ಪ