ಎರಡು ಕಂಬ ಸಾಲದು, ಇಡೀ ಗೆರೆ ಕೊಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಜ್ವರದ ಪ್ರಕರಣಗಳ ಗ್ರಾಫ್ ಒಂದು ಬಂದಿತ್ತು. ಎರಡೇ ಕಂಬ. ಹೋದ ತಿಂಗಳದ್ದು ಎತ್ತರ, ಈ ತಿಂಗಳದ್ದು ಅದರ ಅರ್ಧಕ್ಕಿಂತ ಕಡಿಮೆ. ಪಕ್ಕದಲ್ಲಿ ಕೆಳಗೆ ತೋರಿಸುವ ದೊಡ್ಡ ಬಾಣ, ಮೇಲೆ ‘ಜ್ವರ ಇಳಿಮುಖ’ ಎಂಬ ತಲೆಬರಹ. ಕಂಬದ ಬುಡದಲ್ಲಿ ಮಾತ್ರ, ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ, ‘ಈ ತಿಂಗಳ 12ರವರೆಗೆ’ ಅಂತ ಇತ್ತು. ನಮ್ಮ ಮನೆಯಲ್ಲಿ ಆ ಪುಟವನ್ನು ಮೂರು ಜನ ಓದಿದೆವು. ಆ ಸಾಲು ಕಂಡದ್ದು ನನಗೊಬ್ಬಳಿಗೇ. ಅದೂ ನನ್ನ ಕೆಲಸ ಅದೇ ಆಗಿರುವುದರಿಂದ.

12 ದಿನವನ್ನು 31 ದಿನದ ಪಕ್ಕ ನಿಲ್ಲಿಸಿದರೆ ಕಡಿಮೆ ಕಾಣದೆ ಇನ್ನೇನು ಕಾಣುತ್ತದೆ? ಲೆಕ್ಕಕ್ಕೆ ನನ್ನದೇ ಅಂಕಿ ಇಟ್ಟುಕೊಳ್ಳಿ. ಹೋದ ತಿಂಗಳು 930 ಪ್ರಕರಣ, ಈ ತಿಂಗಳು 12 ದಿನಕ್ಕೆ 420. ದಿನದ ಲೆಕ್ಕ ಹಾಕಿದರೆ 30 ಇದ್ದದ್ದು 35 ಆಗಿದೆ. ಕಂಬ ಇಳಿದಿದೆ, ಜ್ವರ ಏರಿದೆ. ಇದರ ಜೊತೆಗೆ ಕೊನೆಯ ಕೆಲವು ದಿನಗಳ ವರದಿ ಎಲ್ಲ ಕಡೆಯಿಂದಲೂ ಬಂದು ಸೇರುವುದು ತಡವಾಗಿಯೇ. ಹಾಗಾಗಿ ಇಂಥ ಲೆಕ್ಕಗಳಲ್ಲಿ ಗೆರೆಯ ತುದಿ ಯಾವಾಗಲೂ ಸ್ವಲ್ಪ ಬಾಗಿಯೇ ಇರುತ್ತದೆ. ಅದು ರೋಗ ಬಾಗಿದ್ದಲ್ಲ, ಕಾಗದ ಬಂದಿಲ್ಲ ಅಷ್ಟೇ.

ನಾನು ಹದಿನೆಂಟು ವರ್ಷದಿಂದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಪ್ರಾಕ್ಟಿಕಲ್ ತರಗತಿ ತೆಗೆದುಕೊಳ್ಳುತ್ತೇನೆ. ದಿನ, ತಿಂಗಳು, ವರ್ಷದ ಕ್ರಮದಲ್ಲಿ ಬರುವ ಅಂಕಿಗಳನ್ನು ನಾವು ಕಾಲಶ್ರೇಣಿ ಅನ್ನುತ್ತೇವೆ, ಲ್ಯಾಬಿನಲ್ಲಿ ಎಲ್ಲರೂ ಟೈಮ್ ಸೀರೀಸ್ ಅಂತಲೇ ಕರೆಯುವುದು. ಇದನ್ನು ಕಲಿಸಲು ಬಳಸುವ ಸಾಫ್ಟ್‌ವೇರ್ ಹೆಸರು ಆರ್, ಒಂದೇ ಅಕ್ಷರ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಶುರು ಮಾಡಿದ್ದು. ಅದರ ಮೊದಲ ಪೂರ್ಣ ಆವೃತ್ತಿ 2000ದ ಫೆಬ್ರುವರಿ 29ರಂದು ಹೊರಬಂತು. ಪೂರ್ತಿ ಉಚಿತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರು ಅದರ ಪಾಂಡಾಸ್ ಎಂಬ ಸಲಕರಣೆಯಲ್ಲಿ ಇದೇ ಕೆಲಸ ಮಾಡುತ್ತಾರೆ. ಯಾವುದಾದರೂ ಸರಿ.

ಮೊದಲ ದಿನದ ತರಗತಿಯಲ್ಲಿ ನಾನು ಪಾಠ ಮಾಡುವುದಿಲ್ಲ. ಆರ್ ಜೊತೆಗೇ ಬರುವ ಒಂದು ಹಳೆಯ ಡೇಟಾ ಇದೆ, ‘ಏರ್‌ಪ್ಯಾಸೆಂಜರ್ಸ್’ ಅಂತ. 1949ರಿಂದ 1960ರವರೆಗೆ ಅಂತರರಾಷ್ಟ್ರೀಯ ವಿಮಾನಗಳಲ್ಲಿ ತಿಂಗಳಿಗೆ ಎಷ್ಟು ಸಾವಿರ ಜನ ಓಡಾಡಿದರು ಎಂಬ 144 ಅಂಕಿ. ಅದರಿಂದ ಎರಡನ್ನು ಮಾತ್ರ ಬೋರ್ಡಿನ ಮೇಲೆ ಬರೆಯುತ್ತೇನೆ. 1960ರ ಅಕ್ಟೋಬರ್ 461, ನವೆಂಬರ್ 390. ‘ಇದಕ್ಕೊಂದು ತಲೆಬರಹ ಕೊಡಿ’ ಅನ್ನುತ್ತೇನೆ. ಪ್ರತಿ ವರ್ಷವೂ ಬರುವುದು ಒಂದೇ ಉತ್ತರ: ‘ವಿಮಾನ ಪ್ರಯಾಣಿಕರ ಸಂಖ್ಯೆ ಶೇ 15 ಕುಸಿತ’. ಲೆಕ್ಕ ತಪ್ಪಿಲ್ಲ, ಇಳಿದದ್ದು ಶೇ 15ಕ್ಕೂ ಸ್ವಲ್ಪ ಜಾಸ್ತಿಯೇ.

ಆಮೇಲೆ ಕಂಪ್ಯೂಟರಿನಲ್ಲಿ ‘ಪ್ಲಾಟ್’ ಅಂತ ಬರೆದು, ಆವರಣದೊಳಗೆ ಆ ಡೇಟಾದ ಹೆಸರು ಹಾಕಿ ಎಂಟರ್ ಒತ್ತಿ ಅನ್ನುತ್ತೇನೆ. ಹನ್ನೆರಡು ವರ್ಷದ ಇಡೀ ಗೆರೆ ಪರದೆ ಮೇಲೆ ಬರುತ್ತದೆ. ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಹತ್ತುವ ಬೆಟ್ಟಸಾಲು. ಪ್ರತಿ ವರ್ಷ ಜುಲೈ–ಆಗಸ್ಟ್‌ಗೆ ಒಂದು ಶಿಖರ, ನವೆಂಬರಿಗೆ ಒಂದು ಕಣಿವೆ. ಅಕ್ಟೋಬರಿನಿಂದ ನವೆಂಬರಿಗೆ ಇಳಿಯದ ವರ್ಷ ಇದೆಯೇ ನೋಡಿ ಅಂದರೆ ಬೆರಳಿಟ್ಟು ಎಣಿಸುತ್ತಾರೆ. ಹನ್ನೆರಡು ವರ್ಷದಲ್ಲಿ ಹನ್ನೆರಡು ಸಲವೂ ಇಳಿದಿದೆ. ಹಾಗಾದರೆ ಅದು ಸುದ್ದಿ ಹೇಗಾಗುತ್ತದೆ? ಹಿಂದಿನ ವರ್ಷದ ನವೆಂಬರ್ ಎಷ್ಟಿತ್ತು ಅಂತ ಹುಡುಕುತ್ತಾರೆ. 362. ಈಗ 390. ಅಂದರೆ ಶೇ 7ಕ್ಕಿಂತ ಜಾಸ್ತಿ ಏರಿಕೆ. ಅದೇ ಅಂಕಿ, ತಲೆಬರಹ ಮಾತ್ರ ತಿರುಗುಮುರುಗು. ಆಗ ತರಗತಿಯಲ್ಲಿ ಒಂದು ಕ್ಷಣ ಮೌನ ಆಗುತ್ತದಲ್ಲ, ಆ ಮೌನಕ್ಕಾಗಿಯೇ ನಾನು ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ ಅನಿಸುತ್ತದೆ.

ಇನ್ನೂ ಸ್ಪಷ್ಟವಾಗಿ ನೋಡಬೇಕಾದರೆ ‘ಮಂತ್‌ಪ್ಲಾಟ್’ ಅಂತ ಇದೆ. ಎಲ್ಲ ಜನವರಿಗಳನ್ನು ಒಂದು ಕಡೆ, ಎಲ್ಲ ಫೆಬ್ರುವರಿಗಳನ್ನು ಒಂದು ಕಡೆ ಸೇರಿಸಿ ಹನ್ನೆರಡು ಪುಟ್ಟ ಗೆರೆ ಎಳೆಯುತ್ತದೆ. ಜನವರಿಯನ್ನು ಜನವರಿಗೇ ಹೋಲಿಸಬೇಕು ಎಂಬ ಮಾತನ್ನು ಅರ್ಧ ಗಂಟೆ ವಿವರಿಸುವುದು ಬೇಡ, ಚಿತ್ರವೇ ಹೇಳುತ್ತದೆ. ಫೆಬ್ರುವರಿ ಸುಮ್ನೆ ಯಾಕೆ ಕುಳ್ಳಗಿದೆ ಅಂತ ಕೇಳುವವರೂ ಇದ್ದಾರೆ. ಅದಕ್ಕೆ 28 ದಿನ, ಜನವರಿಗೆ 31. ತಿಂಗಳ ಮೊತ್ತವನ್ನು ದಿನಗಳಿಂದ ಭಾಗಿಸದೆ ಹೋಲಿಸಿದರೆ, ಏನೂ ಬದಲಾಗದಿದ್ದರೂ ಫೆಬ್ರುವರಿಯಲ್ಲಿ ಶೇ 10ರಷ್ಟು ‘ಕುಸಿತ’ ಸಿಗುತ್ತದೆ.

ಇದು ಬರೀ ಪಾಠದ ಮಾತಲ್ಲ. ನಮ್ಮ ಮನೆಯ ಒಂದು ವಿಷಯ ಹೇಳುತ್ತೇನೆ.

ನಮ್ಮ ಅಮ್ಮ ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಮನೆಯ ಮಷೀನಿನಲ್ಲಿ ಬಿಪಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಮೂರೂವರೆ ವರ್ಷದ ಬರಹ, ನೀಲಿ ಶಾಯಿ, ಒಂದು ದಿನವೂ ತಪ್ಪಿಲ್ಲ ಅನ್ನುವಷ್ಟು ಅಚ್ಚುಕಟ್ಟು. ಒಂದು ರಜೆಯಲ್ಲಿ ಕೂತು ಅಷ್ಟನ್ನೂ ಟೈಪ್ ಮಾಡಿದೆ. ಮೊದಲ ಸಲ ಗ್ರಾಫ್ ಹಾಕಿದಾಗ ಎದೆ ಧಸಕ್ ಅಂತು. ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ, ಮೇಲೆ ಕೆಳಗೆ. ಇಷ್ಟು ಏರುಪೇರಾ ಅಂತ ಭಯ ಆಯಿತು. ಸ್ವಲ್ಪ ಯೋಚಿಸಿ ಬೆಳಗಿನದಕ್ಕೊಂದು ಬಣ್ಣ, ಸಂಜೆಯದಕ್ಕೊಂದು ಬಣ್ಣ ಕೊಟ್ಟು ಬೇರೆ ಬೇರೆ ಎಳೆದೆ. ಗರಗಸ ಮಾಯವಾಗಿ ಎರಡು ಶಾಂತವಾದ ಗೆರೆಗಳು ಸಿಕ್ಕವು. ಬೆಳಗಿನ ಗೆರೆ ಸದಾ ಸ್ವಲ್ಪ ಮೇಲೆ, ಸಂಜೆಯದು ಸ್ವಲ್ಪ ಕೆಳಗೆ. ಅಷ್ಟೇ ಇದ್ದದ್ದು.

ಆದರೆ ಅದೇ ಚಿತ್ರದಲ್ಲಿ ಇನ್ನೊಂದು ಕಂಡಿತು. ಮೂರನೇ ವರ್ಷದ ನಡುವೆ ಎರಡೂ ಗೆರೆ ಒಂದೇ ದಿನ ಮೆಟ್ಟಿಲು ಇಳಿದ ಹಾಗೆ ಇಳಿದಿದ್ದವು. ಸುಮಾರು ಎಂಟು ಅಂಕ. ಆಮೇಲೆ ಮೇಲೆ ಬಂದೇ ಇಲ್ಲ. ಹೊಸ ಮಾತ್ರೆ ಹಿಡಿಯಿತು ಅಂತ ನಾವೆಲ್ಲ ಆಗ ಖುಷಿಪಟ್ಟಿದ್ದೆವು. ಮಾತ್ರೆ ಕೆಲಸ ಮಾಡಿದ್ದರೆ ನಿಧಾನವಾಗಿ ಇಳಿಯಬೇಕು, ಒಂದೇ ರಾತ್ರಿಯಲ್ಲಿ ಹೀಗೆ ಕತ್ತರಿಸಿದ ಹಾಗೆ ಯಾಕೆ? ನೋಟ್‌ಬುಕ್ ತೆಗೆದು ಆ ಪುಟ ನೋಡಿದೆ. ಅಂಚಿನಲ್ಲಿ ಅಮ್ಮನ ಕೈಬರಹ: ‘ತಮ್ಮ ಹೊಸ ಮಷೀನ್ ತಂದ’. ಹಳೆಯದು ಇನ್ನೂ ಕಪಾಟಿನಲ್ಲಿತ್ತು. ಒಂದು ವಾರ ಎರಡರಲ್ಲೂ ಪಕ್ಕಪಕ್ಕದಲ್ಲಿ ನೋಡಿದೆವು. ಪ್ರತಿ ಸಲವೂ ಹೊಸದು ಕಡಿಮೆ ತೋರಿಸಿತು. ಡಾಕ್ಟರ್ ಆ ಗ್ರಾಫನ್ನು ಬಹಳ ಹೊತ್ತು ನೋಡಿದರು, ಎರಡೂ ಮಷೀನನ್ನು ತಮ್ಮದರ ಜೊತೆ ಹೋಲಿಸಿದರು, ಹಳೆಯದೇ ಸರಿ ಇತ್ತು ಅಂದರು. ಬದಲಾದದ್ದು ಅಳೆಯುವ ಸಾಧನ, ಅಮ್ಮನ ರಕ್ತದೊತ್ತಡ ಅಲ್ಲ. ಸರಾಸರಿ ಮಾತ್ರ ತೆಗೆದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಹೀಗೆ ಮೆಟ್ಟಿಲು ಇಳಿಯುವುದಕ್ಕೆ ಹೆಸರಾದ ಒಂದು ಸರಣಿ ಆರ್‌ನಲ್ಲೇ ಇದೆ. ಈಜಿಪ್ಟಿನ ಆಸ್ವಾನ್‌ನಲ್ಲಿ ಅಳೆದ ನೈಲ್ ನದಿಯ ವಾರ್ಷಿಕ ಹರಿವು, 1871ರಿಂದ 1970ರವರೆಗೆ. 1898ರ ಆಸುಪಾಸಿನವರೆಗೆ ಸರಾಸರಿ ಸುಮಾರು 1100, ಆಮೇಲೆ ಸುಮಾರು 850. ಇದರ ಒಂದು ಘಟಕ ಅಂದರೆ ಹತ್ತು ಕೋಟಿ ಘನ ಮೀಟರ್ ನೀರು. ನೂರು ವರ್ಷಕ್ಕೂ ಸೇರಿಸಿ ಒಂದು ನೇರ ಗೆರೆ ಎಳೆದರೆ ನದಿ ವರ್ಷವರ್ಷವೂ ಸಣ್ಣಗಾಗುತ್ತಾ ಬಂದ ಹಾಗೆ ಕಾಣುತ್ತದೆ. ಬಿಂದುಗಳನ್ನೇ ನೋಡಿದರೆ ಒಂದು ಮೆಟ್ಟಿಲು ಕಾಣುತ್ತದೆ. ಎರಡೂ ಬೇರೆ ಬೇರೆ ಕಥೆ, ಅಲ್ವಾ?

ಸಾಫ್ಟ್‌ವೇರ್ ಕೊಟ್ಟ ಚಿತ್ರವನ್ನೂ ಕಣ್ಣುಮುಚ್ಚಿ ನಂಬಬಾರದು ಎಂಬುದನ್ನು ಇಲ್ಲೇ ಹೇಳಬೇಕು. ಒಬ್ಬ ವಿದ್ಯಾರ್ಥಿನಿ ಗ್ರಂಥಾಲಯದಿಂದ ತಿಂಗಳಿಗೆ ಎಷ್ಟು ಪುಸ್ತಕ ಹೊರಗೆ ಹೋದವು ಎಂಬ ಪಟ್ಟಿ ತಂದಿದ್ದಳು. ಪರೀಕ್ಷೆಗೆ ಮುಂಚಿನ ತಿಂಗಳು ಎರವಲು ಜಾಸ್ತಿ ಇರುವುದು ಸಹಜ. ಅವಳ ಗ್ರಾಫಿನಲ್ಲಿ ಮೊದಲ ಎರಡು ವರ್ಷ ಹಾಗೇ ಇತ್ತು, ಮೂರನೇ ವರ್ಷದಿಂದ ನೂಕುನುಗ್ಗಲು ಒಂದು ತಿಂಗಳು ಮುಂಚೆಯೇ ಬರತೊಡಗಿತ್ತು. ಓದುವ ಅಭ್ಯಾಸ ಸುಧಾರಿಸಿದೆ ಅಂತ ಅವಳು ಬರೆದೂ ಆಗಿತ್ತು. ಆಗಿದ್ದೇನೆಂದರೆ ದುರಸ್ತಿಗಾಗಿ ಗ್ರಂಥಾಲಯ ಒಂದು ತಿಂಗಳು ಮುಚ್ಚಿತ್ತು, ಆ ಸಾಲೇ ಪಟ್ಟಿಯಲ್ಲಿ ಇರಲಿಲ್ಲ. ಅಂಕಿಗಳನ್ನು ಕಾಲಶ್ರೇಣಿಯಾಗಿ ಜೋಡಿಸಲು ಆರ್‌ನಲ್ಲಿರುವ ‘ಟಿಎಸ್’ ಎಂಬ ಆಜ್ಞೆ ತಾರೀಖು ಓದುವುದಿಲ್ಲ. ಎಲ್ಲಿಂದ ಶುರು, ವರ್ಷಕ್ಕೆ ಎಷ್ಟು ಅಂಕಿ, ಇಷ್ಟೇ ಕೇಳಿ ಒಂದರ ಹಿಂದೆ ಒಂದು ಜೋಡಿಸುತ್ತದೆ. ಒಂದು ತಿಂಗಳು ಬಿಟ್ಟುಹೋದರೆ ಅಲ್ಲಿಂದ ಮುಂದೆ ಎಲ್ಲವೂ ಒಂದು ಮನೆ ಹಿಂದೆ ಸರಿದು ಕೂರುತ್ತವೆ. ಆ ಜಾಗದಲ್ಲಿ ‘ಎನ್‌ಎ’ ಅಂತ ಬರೆದು ಖಾಲಿ ಬಿಡಬೇಕು. ಸೊನ್ನೆ ಹಾಕಬಾರದು. ಸೊನ್ನೆ ಅಂದರೆ ಅಳೆದು ನೋಡಿದೆವು, ಏನೂ ಇರಲಿಲ್ಲ ಅಂತ. ಖಾಲಿ ಅಂದರೆ ಅಳೆಯಲೇ ಇಲ್ಲ ಅಂತ. ಪತ್ರಿಕೆಗಳ ಗ್ರಾಫ್‌ಗಳಲ್ಲಿ ನೆಲಕ್ಕೆ ಬಡಿದು ಮತ್ತೆ ಎದ್ದ ಗೆರೆ ಕಂಡಾಗಲೆಲ್ಲ ನನಗೆ ಈ ಅನುಮಾನವೇ ಮೊದಲು ಬರುವುದು.

ಇಡೀ ಗೆರೆ ಹಾಕಲು ಪುಟದಲ್ಲಿ ಜಾಗ ಎಲ್ಲಿದೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಇಂಥ ಗೆರೆಗೆ ಎತ್ತರ ಬೇಕಿಲ್ಲ, ಅಗಲ ಬೇಕು. ಸೂರ್ಯನ ಕಲೆಗಳ ಲೆಕ್ಕ 1700ರಿಂದ ಇದೆ. ಸುಮಾರು 11 ವರ್ಷಕ್ಕೊಮ್ಮೆ ಕಲೆಗಳು ಹೆಚ್ಚಿ ಮತ್ತೆ ಕಡಿಮೆಯಾಗುತ್ತವೆ. ಅದನ್ನು ಚೌಕಾಕಾರದ ಪೆಟ್ಟಿಗೆಯಲ್ಲಿ ಹಾಕಿದರೆ ಬಾಚಣಿಗೆ ಹಲ್ಲಿನ ಹಾಗೆ ಒತ್ತೊತ್ತಾಗಿ ಕಾಣುತ್ತದೆ, ಬೇರೇನೂ ತಿಳಿಯದು. ಎರಡು ಬೆರಳಿನಷ್ಟು ಎತ್ತರದ ಉದ್ದ ಪಟ್ಟಿಯಾಗಿ ಚಾಚಿದರೆ ಒಂದು ಹೊಸ ಸಂಗತಿ ಹೊರಬೀಳುತ್ತದೆ. ಏರುವುದು ಬೇಗ, ಇಳಿಯುವುದು ನಿಧಾನ. ಎತ್ತರದ ಅಲೆಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅಂಕಿ ಒಂದೂ ಬದಲಾಗಿಲ್ಲ, ಚಿತ್ರದ ಆಕಾರ ಬದಲಾಯಿತು. ವಿಲಿಯಂ ಕ್ಲೀವ್‌ಲ್ಯಾಂಡ್ ಎಂಬ ಸಂಖ್ಯಾಶಾಸ್ತ್ರಜ್ಞರು ಇದನ್ನೇ ಉದಾಹರಣೆ ಕೊಟ್ಟು, ಗೆರೆಯ ಓರೆ ಸುಮಾರು 45 ಡಿಗ್ರಿ ಇದ್ದರೆ ಕಣ್ಣಿಗೆ ವ್ಯತ್ಯಾಸ ಚೆನ್ನಾಗಿ ಹಿಡಿಯುತ್ತದೆ ಎಂದು ತೋರಿಸಿದರು. ನಿಮ್ಮ ಪುಟದ ಅಡಿಯಲ್ಲಿ ಎಡದಿಂದ ಬಲಕ್ಕೆ ಅಂಥ ಒಂದು ಪಟ್ಟಿ ಹಿಡಿಯುವ ಜಾಗ, ಕಳೆದ ವಾರದ ಆ ಎರಡು ಕಂಬ ಮತ್ತು ಬಾಣ ಹಿಡಿದ ಜಾಗಕ್ಕಿಂತ ಜಾಸ್ತಿ ಆಗದು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ತಿಂಗಳ ಅಂಕಿ ಕೊಡುವಾಗ ಹಿಂದಿನ ನಾಲ್ಕೈದು ವರ್ಷದ ಗೆರೆಯನ್ನೂ ಕೊಡಿ. ಹೋದ ತಿಂಗಳಿಗೆ ಹೋಲಿಸುವ ಮೊದಲು ಹೋದ ವರ್ಷದ ಇದೇ ತಿಂಗಳಿಗೆ ಹೋಲಿಸಿ. ಮುಗಿಯದ ತಿಂಗಳನ್ನು ಕಂಬ ಮಾಡಬೇಡಿ. ಹಾಕಲೇಬೇಕಿದ್ದರೆ ದಿನದ ಸರಾಸರಿ ತೆಗೆದು, ಚುಕ್ಕೆ ಗೆರೆಯಲ್ಲಿ, ‘ಇನ್ನೂ ಪೂರ್ತಿಯಾಗಿಲ್ಲ’ ಅಂತ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ. ಜ್ವರ ಇಳಿಯಿತು ಅಂತ ಓದಿದ ತಾಯಿ ಮಗುವನ್ನು ಆಸ್ಪತ್ರೆಗೆ ತೋರಿಸುವುದನ್ನು ಎರಡು ದಿನ ಮುಂದಕ್ಕೆ ಹಾಕಬಹುದು. ಆ ಬಾಣ ಬರೆದವರು ಇದನ್ನು ಬೇಕಂತ ಮಾಡಿದ್ದಲ್ಲ, ನನಗೆ ಗೊತ್ತು. ಕೈಯಲ್ಲಿದ್ದ ಎರಡು ಅಂಕಿಯಿಂದ ಗಡುವಿನೊಳಗೆ ಚಿತ್ರ ಮಾಡಬೇಕಿತ್ತು, ಮಾಡಿದರು.

ಆ ಗ್ರಾಫಿನ ಹಿಂದಿರುವ ಅಂಕಿಗಳು, ಹಳೆಯ ವರ್ಷಗಳದ್ದೂ ಸೇರಿ, ನಿಮ್ಮ ಕಚೇರಿಯಲ್ಲಿದ್ದರೆ ದಯವಿಟ್ಟು ಕಳಿಸಿಕೊಡಿ. ನಮ್ಮ ಲ್ಯಾಬ್ ಮಂಗಳವಾರ ಮತ್ತು ಶುಕ್ರವಾರ ನಡೆಯುತ್ತದೆ. ಮಂಗಳವಾರ ಸಿಕ್ಕರೆ ಶುಕ್ರವಾರ ಸಂಜೆಯೊಳಗೆ ನನ್ನ ವಿದ್ಯಾರ್ಥಿಗಳು ಇಡೀ ಗೆರೆ ಬಿಡಿಸಿ, ಯಾವ ತಿಂಗಳು ಯಾಕೆ ಖಾಲಿ ಇದೆ ಎಂಬ ಟಿಪ್ಪಣಿಯ ಜೊತೆ ನಿಮಗೆ ತಲುಪಿಸುತ್ತಾರೆ.

ಇತಿ ನಿಮ್ಮ ಓದುಗರಲ್ಲೊಬ್ಬಳು,
ಸಂಖ್ಯಾಶಾಸ್ತ್ರದ ಒಬ್ಬ ಬೋಧಕಿ