ಕೆರೆಗೆ ಮೈಲುತುತ್ತ ಹಾಕಬೇಡಿ

ಮಾನ್ಯರೇ,

ಕಳೆದ ಏಪ್ರಿಲ್‌ನಲ್ಲಿ ನಮ್ಮೂರ ಕೆರೆಗೆ ದಪ್ಪಗೆ ಪಾಚಿ ಕಟ್ಟಿತ್ತು. ಅಡಿಕೆಯ ಕೊಳೆರೋಗದ ಔಷಧಕ್ಕೆಂದು ತಂದ ಮೈಲುತುತ್ತ (ಕಾಪರ್ ಸಲ್ಫೇಟ್) ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುತ್ತದೆ. ನಾಲ್ಕು ಜನ ಸೇರಿ ಅದನ್ನೇ ಗೋಣಿಚೀಲದಲ್ಲಿ ಕಟ್ಟಿ ನೀರಿನಲ್ಲಿ ಎಳೆದಾಡಿದರು. ಮೂರು ದಿನಕ್ಕೆ ಪಾಚಿ ಕಂದು ಬಣ್ಣಕ್ಕೆ ತಿರುಗಿತು. ನಾಲ್ಕನೇ ದಿನ ಬೆಳಿಗ್ಗೆ ಮೀನುಗಳು ಸತ್ತು ತೇಲುತ್ತಿದ್ದವು. ಮಳೆಗಾಲ ಮುಗಿಯುವ ಹೊತ್ತಿಗೆ ಪಾಚಿ ಮತ್ತೆ ಬಂತು. ಈ ಬೇಸಿಗೆಯಲ್ಲೂ ಅದೇ ಮಾತು ಶುರುವಾಗಿದೆ. ಅದಕ್ಕೇ ಈ ಪತ್ರ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಅಡಿಕೆ ತೋಟವೂ ಇದೆ. ಮೈಲುತುತ್ತದ ಮೇಲೆ ನನಗೇನೂ ಸಿಟ್ಟಿಲ್ಲ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಈ ಬೋರ್ಡೋ ದ್ರಾವಣ ಇಲ್ಲದಿದ್ದರೆ ಕೊಳೆರೋಗಕ್ಕೆ ನಮ್ಮ ಗೊನೆಗಳು ಉಳಿಯುತ್ತಿರಲಿಲ್ಲ. ಆದರೆ ಗೊನೆಗೆ ಹೊಡೆಯುವುದೇ ಬೇರೆ, ಕೆರೆಗೆ ಹಾಕುವುದೇ ಬೇರೆ.

ಮೈಲುತುತ್ತದಲ್ಲಿರುವುದು ತಾಮ್ರ. ಪಾಚಿ ಬದುಕುವುದಕ್ಕೂ ಚೂರು ತಾಮ್ರ ಬೇಕು. ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುವಾಗ ಎಲೆಕ್ಟ್ರಾನ್ ಸಾಗಿಸಲು ಅದರೊಳಗೆ ಪ್ಲಾಸ್ಟೊಸಯನಿನ್ ಎಂಬ ತಾಮ್ರದ ಪ್ರೋಟೀನ್ ಇದೆ. ಕ್ಲಾಮಿಡೊಮೊನಾಸ್ ಎಂಬ ಒಂದೇ ಕೋಶದ ಹಸಿರು ಪಾಚಿಗೆ ತಾಮ್ರ ಸಿಗದಿದ್ದರೆ ಏನು ಮಾಡುತ್ತದೆ ಗೊತ್ತಾ? ಆ ಪ್ರೋಟೀನನ್ನು ಒಡೆದುಹಾಕಿ, ಅದೇ ಕೆಲಸಕ್ಕೆ ಕಬ್ಬಿಣವಿರುವ ಸೈಟೋಕ್ರೋಮ್ ಸಿ6 ಅನ್ನು ತಯಾರಿಸಿಕೊಳ್ಳುತ್ತದೆ. ಸಬೀಹಾ ಮರ್ಚೆಂಟ್ ಮತ್ತು ಲಾರೆನ್ಸ್ ಬೊಗೊರಾಡ್ ಎಂಬ ವಿಜ್ಞಾನಿಗಳು 1986ರಲ್ಲೇ ಇದನ್ನು ತೋರಿಸಿದರು. ಕೊರತೆಯಿದ್ದಾಗ ತಾಮ್ರ ಒಳಗೆಳೆಯುವ ಬಾಗಿಲುಗಳೂ ಕೋಶದ ಪೊರೆಯಲ್ಲಿ ಜಾಸ್ತಿಯಾಗುತ್ತವೆ. ಸಾಕಷ್ಟು ಸಿಕ್ಕರೆ ಕಡಿಮೆಯಾಗುತ್ತವೆ. ಸಿಆರ್‌ಆರ್1 ಎಂಬ ಪ್ರೋಟೀನ್ ಇದರ ಉಸ್ತುವಾರಿ ನೋಡಿಕೊಳ್ಳುತ್ತದೆ. ಕಣ್ಣಿಗೇ ಕಾಣದ ಜೀವ ತಾಮ್ರವನ್ನು ಇಷ್ಟು ಲೆಕ್ಕವಿಟ್ಟು ತೆಗೆದುಕೊಳ್ಳುತ್ತದೆ. ಪಾಠ ಮಾಡುತ್ತಿದ್ದಾಗಲೂ ಈಗಲೂ ನನಗೆ ಇದೊಂದು ಬೆರಗು.

ಆದರೆ ಚೀಲಗಟ್ಟಲೆ ಮೈಲುತುತ್ತ ಬಿದ್ದರೆ ಈ ಲೆಕ್ಕವೆಲ್ಲ ತಪ್ಪುತ್ತದೆ. ಹೆಚ್ಚಾದ ತಾಮ್ರ ಬೇರೆ ಲೋಹಗಳ ಜಾಗಕ್ಕೆ ಹೋಗಿ ಕೂರುತ್ತದೆ, ಕೋಶ ಕೆಡುತ್ತದೆ. ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗುತ್ತದೆ. ತಾಮ್ರ ಮೀನಿನ ಕಿವಿರಿಗೂ ನೇರವಾಗಿ ಹಾನಿ ಮಾಡುತ್ತದೆ. ಸುಣ್ಣದ ಅಂಶ ಕಡಿಮೆಯಿರುವ ಮೃದು ನೀರಿನಲ್ಲಿ ಅದರ ವಿಷ ಇನ್ನೂ ಜಾಸ್ತಿ. ಮಲೆನಾಡಿನ ನೀರು ಅಂಥದ್ದೇ ಅಲ್ವಾ?

ಆ ತಾಮ್ರ ಎಲ್ಲಿಗೂ ಹೋಗುವುದಿಲ್ಲ, ಕೆಸರಿಗೆ ಇಳಿದು ಕೂರುತ್ತದೆ. ಆ ಹೂಳನ್ನೇ ತೆಗೆದು ನಾವು ತೋಟಕ್ಕೆ ಹಾಕುತ್ತೇವೆ.

ಪಾಚಿಯನ್ನು ಬೆಳೆಸುತ್ತಿರುವುದು ಕೆರೆಗೆ ಸೇರುವ ಬಟ್ಟೆ ಸೋಪಿನ ನೀರು, ಕೊಟ್ಟಿಗೆ ತೊಳೆದ ನೀರು, ತೋಟದಿಂದ ತೊಳೆದು ಬರುವ ಗೊಬ್ಬರ. ಅದರಲ್ಲಿರುವ ರಂಜಕ, ಸಾರಜನಕ ತಡೆಯದೆ ಏನು ಹಾಕಿದರೂ ಪಾಚಿ ಮತ್ತೆ ಬರುತ್ತದೆ. ಮೀನುಗಾರಿಕೆ ಇಲಾಖೆಯವರು ಬೇಸಿಗೆಗೆ ಮೊದಲೇ ಊರೂರಿಗೆ ಬಂದು ಇದನ್ನು ತಿಳಿಸಿಕೊಡಲಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮ ಮನೆಯ ಕೊಟ್ಟಿಗೆ ನೀರಿನ ಚರಂಡಿಯನ್ನು ಹೋದ ವಾರ ಬಾಳೆ ಪಾತಿಯ ಕಡೆಗೆ ತಿರುಗಿಸಿದ್ದೇನೆ. ಪಕ್ಕದ ಎರಡು ಮನೆಯವರು ಭಾನುವಾರ ಹಾರೆ ಹಿಡಿದು ಬರುತ್ತೇವೆ ಎಂದಿದ್ದಾರೆ.

– ಒಬ್ಬ ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು