ಪೈಥಾನ್ ಪ್ರಶ್ನೆಗೆ ಕನ್ನಡದಲ್ಲೇ ಉತ್ತರ ಸಿಗಲಿ

ಸಂಪಾದಕರೇ,

ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಂಘದ ಲೆಕ್ಕ ನೋಡಿಕೊಳ್ಳುತ್ತೇನೆ. ಊರಿನವರ ಬಾಯಲ್ಲಿ ಅದು ಡೇರಿ. ಓದಿದ್ದು ಬಿ.ಕಾಂ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿತದ್ದು ಈಚೆಗೆ, ಸಂಜೆ ಹಾಲು ಅಳೆದು ಎಲ್ಲರೂ ಮನೆಗೆ ಹೋದ ಮೇಲೆ ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು. ಬಟವಾಡೆ ಲೆಕ್ಕಕ್ಕೆ ಮೊದಲು ಒಂದಿಡೀ ದಿನ ಕೂರಬೇಕಿತ್ತು. ಈಗ ಸಣ್ಣ ಸಣ್ಣ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಬರೆದುಕೊಂಡಿದ್ದೇನೆ, ಕೆಲಸ ಬೇಗ ಮುಗಿಯುತ್ತದೆ.

ಈ ಪತ್ರ ಬರೆಯಲು ಕಾರಣ ಕುಮಾರ್ ಅನ್ನುವ ಹೆಸರು.

ಹೋದ ಸಲ ಬೋನಸ್ ಪಟ್ಟಿ ಮಾಡುವಾಗ ನನ್ನ ಹತ್ತಿರ ಎರಡು ಪಟ್ಟಿ ಇದ್ದವು. ಒಂದು ಹಳೆಯ ಷೇರು ಪುಸ್ತಕದ್ದು, ಎಷ್ಟೋ ವರ್ಷದ ಹಿಂದೆ ಯಾರೋ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟದ್ದು. ಅದನ್ನು ಈಗ ಎಲ್ಲ ಕಂಪ್ಯೂಟರ್, ಮೊಬೈಲಿಗೂ ಅರ್ಥವಾಗುವ ಅಕ್ಷರ ಪದ್ಧತಿಯಾದ ಯೂನಿಕೋಡ್‌ಗೆ ಬದಲಾಯಿಸಿಕೊಂಡಿದ್ದೆ. (ಈ ಬದಲಾಯಿಸುವ ಸ್ಕ್ರಿಪ್ಟ್‌ಗಳನ್ನು ಕನ್ನಡದವರೇ ಬರೆದು ಉಚಿತವಾಗಿ ಬಿಟ್ಟಿದ್ದಾರೆ. ಹಳೆಯ ನುಡಿ ಅಕ್ಷರಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ಆಮೇಲೆ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಇಂಥದ್ದನ್ನೆಲ್ಲ ಒಂದೊಂದಾಗಿ ಕೂತು ಸರಿಮಾಡಿದವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಮ್ಮಿಯೇ.) ಇನ್ನೊಂದು ನಾನೇ ಟೈಪ್ ಮಾಡಿದ ಈ ವರ್ಷದ ಪಟ್ಟಿ. ಎರಡನ್ನೂ ಹೋಲಿಸು ಅಂದರೆ ಸ್ಕ್ರಿಪ್ಟ್ ಹದಿನೇಳು ಜನರನ್ನು ಇಲ್ಲ ಅಂತ ಹೇಳಿತು. ಕಣ್ಣಿಗೆ ಮಾತ್ರ ಎರಡೂ ಕಡೆ ಆ ಹೆಸರುಗಳು ಚೆನ್ನಾಗಿ ಕಾಣುತ್ತಿದ್ದವು. ಇಲ್ಲೂ ಕುಮಾರ್, ಅಲ್ಲೂ ಕುಮಾರ್. ಹಾಗೇ ಬಿಟ್ಟಿದ್ದರೆ ಹದಿನೇಳು ಮನೆಗೆ ಬೋನಸ್ ತಪ್ಪುತ್ತಿತ್ತು.

ಇಂಗ್ಲಿಷ್‌ನಲ್ಲಿ ಹುಡುಕಿದೆ. ಎಲ್ಲ ಕಡೆ ಒಂದೇ ಉತ್ತರ: ಹೆಸರಿನ ಹಿಂದೆ ಮುಂದೆ ಖಾಲಿ ಜಾಗ ಇರಬೇಕು, ಸ್ಟ್ರಿಪ್ ಅನ್ನುವ ಪೈಥಾನ್ ಆಜ್ಞೆ ಹಾಕಿ ತೆಗೆಯಿರಿ. ಹಾಕಿದೆ, ಹದಿನೇಳು ಹದಿನೇಳೇ ಉಳಿಯಿತು. ಎಐ ಕೂಡ ಮೊದಲು ಅದನ್ನೇ ಹೇಳಿತು. ಮೂರು ರಾತ್ರಿ ಹೋಯಿತು. ಕೊನೆಗೆ ನಮ್ಮ ಸದಸ್ಯರೊಬ್ಬರ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ ಅಂತ ನೆನಪಾಗಿ, ಸಂಕೋಚದಿಂದಲೇ ಅವನಿಗೆ ಸ್ಕ್ರೀನ್ ಫೋಟೊ ಕಳಿಸಿದೆ. ಅವನು ರಾತ್ರಿ ಫೋನ್ ಮಾಡಿ, 'ಅಕ್ಕ, ಫೋಟೊ ಬೇಡ, ಆ ಎರಡು ಸಾಲನ್ನೇ ಕಾಪಿ ಮಾಡಿ ಕಳಿಸಿ. ಆಮೇಲೆ ಎರಡೂ ಹೆಸರಿನ ಉದ್ದ ಎಷ್ಟು ಅಂತ ಪ್ರಿಂಟ್ ಮಾಡಿ ನೋಡಿ' ಅಂದ.

ಮಾಡಿದೆ. ಒಂದು ಕುಮಾರ್‌ಗೆ 6 ಅಂತ ಬಂತು, ಇನ್ನೊಂದಕ್ಕೆ 7.

ನಮ್ಮ ಕಣ್ಣಿಗೆ ಕು, ಮಾ, ರ್ ಅಂತ ಮೂರೇ ಅಕ್ಷರ ಅಲ್ವಾ? ಪೈಥಾನ್ ಎಣಿಸುವುದು ಬೇರೆ ಥರ. ಕ ಒಂದು, ಅದರ ಕೊಂಬು ಒಂದು, ಮ ಒಂದು, ಇಳಿ ಒಂದು, ರ ಒಂದು, ಅದರ ಅರ್ಧಾಕ್ಷರದ ಗುರುತು ಒಂದು, ಒಟ್ಟು ಆರು. ಏಳನೆಯದು ಕಾಣದ ಅಕ್ಷರ. ಅದರ ಹೆಸರು ಜೀರೊ ವಿಡ್ತ್ ನಾನ್ ಜಾಯಿನರ್. 'ಕುಮಾರ್‌ಗೆ' ಅಂತ ಬರೆಯುವಾಗ ರಕಾರ ಗ ಜೊತೆ ಅರ್ಕಾವತ್ತಾಗಿ ಅಂಟದ ಹಾಗೆ ನಡುವೆ ನಿಲ್ಲುವುದು ಅದೇ. ಅಲ್ಲಿ ಅದು ಬೇಕೇ ಬೇಕು. ಆದರೆ ಹೆಸರಿನ ಕೊನೆಯಲ್ಲಿ ಸುಮ್ನೆ ಉಳಿದುಬಿಟ್ಟರೆ ಯಾರಿಗೂ ಕಾಣುವುದಿಲ್ಲ, ಕಂಪ್ಯೂಟರಿಗೆ ಮಾತ್ರ ಬೇರೆ ಹೆಸರಾಗುತ್ತದೆ. ಪೈಥಾನ್ ಇದನ್ನು ಖಾಲಿ ಜಾಗ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಸ್ಟ್ರಿಪ್ ಕೆಲಸ ಮಾಡಲಿಲ್ಲ. ಒಂದನ್ನು ತೆಗೆದು ಇನ್ನೊಂದು ಹಾಕುವ ರಿಪ್ಲೇಸ್‌ನ ಒಂದೇ ಸಾಲಿನಲ್ಲಿ ಅದನ್ನು ತೆಗೆದೆ. ಹದಿನೇಳು ಜನವೂ ಸಿಕ್ಕಿದರು.

ಆಮೇಲೆ ಅವನು ಕೇಳಿದ: 'ಅಕ್ಕ, ಹೆಸರಿನ ಮೇಲೆ ಯಾಕೆ ಹೊಂದಿಸ್ತಿದ್ದೀರಿ? ಸದಸ್ಯರ ಕೋಡ್ ನಂಬರ್ ಇಲ್ವಾ?' ಹಳೆಯ ಪಟ್ಟಿಯಲ್ಲಿ ಇರಲಿಲ್ಲ. ಈಗ ಹಾಕಿದ್ದೇನೆ. ಒಂದೇ ಹೆಸರಿನವರು ಊರಲ್ಲಿ ಮೂರು ಮೂರು ಜನ ಇದ್ದಾರೆ, ಹೆಸರನ್ನು ನಂಬಿಕೊಂಡಿದ್ದರೆ ಮುಂದೆ ಇನ್ನೂ ದೊಡ್ಡ ಎಡವಟ್ಟು ಆಗುತ್ತಿತ್ತು. ನಾನು ಎಲ್ಲೂ ಕೇಳದೇ ಇದ್ದ ಪ್ರಶ್ನೆ ಅದು. ಡೇರಿ ಲೆಕ್ಕ ಹೇಗೆ ನಡೆಯುತ್ತದೆ ಅಂತ ಮನೆಯಲ್ಲಿ ನೋಡಿ ಬೆಳೆದವನಿಗೆ ಅದು ಹೊಳೆಯಿತು.

ನಾನು ಹೇಳಬೇಕಾಗಿರುವುದು ಇದು. ಸ್ಕ್ರಿಪ್ಟ್ ಬರೆಯುವವರಿಗೆ ಬರುವ ಎಷ್ಟೋ ತೊಂದರೆಗೆ ಇಂಗ್ಲಿಷ್‌ನಲ್ಲಿ ಉತ್ತರ ಇದೆ, ನಿಜ. ಆದರೆ ನಮ್ಮ ಅಕ್ಷರದ ತೊಂದರೆ ಇಂಗ್ಲಿಷ್‌ನಲ್ಲೇ ಟೈಪ್ ಮಾಡುವವರಿಗೆ ಬರುವುದೇ ಇಲ್ಲ, ಅವರು ಉತ್ತರ ಬರೆದಿಡುವುದಾದರೂ ಹೇಗೆ? ಕನ್ನಡದ ಪಟ್ಟಿ, ಬಿಲ್ಲು, ಹಾಜರಿ ಪುಸ್ತಕದ ಜೊತೆ ದಿನಾ ಗುದ್ದಾಡುವವರು ನಾವು. ನಾವೇ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು, ಕನ್ನಡದಲ್ಲೇ.

ಇನ್ನೂ ಎರಡು ಮೂರು ಇವೆ, ಯಾರಿಗಾದರೂ ಉಪಯೋಗ ಆಗಲಿ ಅಂತ ಬರೆಯುತ್ತೇನೆ. ಬರಹದಲ್ಲಿ ಮಾದರಿ ಹುಡುಕುವ ಪೈಥಾನಿನ ಮಾಮೂಲಿ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೆ 'ಕನ್ನಡ' ಪದವನ್ನು ಕೊಟ್ಟು ಪದಗಳನ್ನು ಹುಡುಕು ಅಂದರೆ 'ಕನ' ಮತ್ತು 'ನಡ' ಅಂತ ಎರಡು ತುಂಡು ಮಾಡುತ್ತದೆ, ಯಾಕೆಂದರೆ ಒತ್ತಕ್ಷರದ ನಡುವಿನ ಗುರುತನ್ನು ಅದು ಅಕ್ಷರ ಅಂತ ಒಪ್ಪುವುದಿಲ್ಲ. ರೆಗೆಕ್ಸ್ ಅನ್ನುವ ಬೇರೆ ಲೈಬ್ರರಿ (ಯಾರೋ ಮೊದಲೇ ಬರೆದಿಟ್ಟ ಕೋಡ್) ಹಾಕಿಕೊಂಡರೆ ಸರಿಯಾಗಿ ಬರುತ್ತದೆ. ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿಯ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡದ ಬದಲು ಏನೇನೋ ಗೀಚಿದ ಹಾಗೆ ಕಂಡರೆ ಗಾಬರಿ ಬೇಡ. ಬರೆಯುವಾಗ, ಅಕ್ಷರ ಉಳಿಸುವ ವಿಧಾನ ಹೇಳುವ ಎನ್‌ಕೋಡಿಂಗ್ ಜಾಗದಲ್ಲಿ ಯುಟಿಎಫ್-8-ಸಿಗ್ ಅಂತ ಕೊಡಿ. ಬರೀ ಯುಟಿಎಫ್-8 ಅಂದರೆ ಪೈಥಾನ್‌ಗೆ ಸಾಕು, ಎಕ್ಸೆಲ್‌ಗೆ ಸಾಲದು. ಇನ್ನೊಂದು ಖುಷಿಯ ವಿಷಯ, ೧೨೩ ಅಂತ ಕನ್ನಡ ಅಂಕಿ ಕೊಟ್ಟರೂ ಸಂಖ್ಯೆ ಮಾಡುವ ಇಂಟ್ ಆಜ್ಞೆ ಅದನ್ನು 123 ಅಂತಲೇ ಓದುತ್ತದೆ. ಮಾಹಿತಿ ಇಟ್ಟುಕೊಳ್ಳುವ ವೇರಿಯಬಲ್‌ಗೆ 'ಹೆಸರು', 'ಹಾಲು' ಅಂತ ಕನ್ನಡದಲ್ಲೇ ಹೆಸರಿಟ್ಟರೂ ಪೈಥಾನ್ 3 ಒಪ್ಪಿಕೊಳ್ಳುತ್ತದೆ. ಮೊದಲ ಸಲ ಅದು ಓಡಿದಾಗ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ.

ಆದರೆ ಜಾಸ್ತಿ ಬೇಜಾರಾಗುವುದು ಓದುವ ಮಕ್ಕಳನ್ನು ನೋಡಿದಾಗ. ನಮ್ಮ ಪಕ್ಕದ ಮನೆಯ ಹುಡುಗಿ ಬಿಸಿಎ ಓದುತ್ತಿದ್ದಾಳೆ. ಯಾರಿಂದಲೋ ಸಿಕ್ಕ ಹಳೆಯ ನೋಟ್ಸ್ ನೋಡಿ ಬರೆದ ಪ್ರೋಗ್ರಾಮ್ ಓಡುತ್ತಿರಲಿಲ್ಲ. ಎರಡು ವಾರ ಒಬ್ಬಳೇ ಒದ್ದಾಡಿದ್ದಾಳೆ. ನೋಡಿದರೆ ಪ್ರಿಂಟ್ ಅನ್ನುವ ಪದ ಆದಮೇಲೆ ಬ್ರಾಕೆಟ್ ಇಲ್ಲ, ಅಷ್ಟೇ! ಅದು ಪೈಥಾನ್ 2ರ ಕಾಲದ ಬರವಣಿಗೆ. ಪೈಥಾನ್ 3 ಬಂದದ್ದೇ 2008ರ ಡಿಸೆಂಬರಿನಲ್ಲಿ, ಹಳೆಯದಕ್ಕೆ 2020ರ ಜನವರಿ 1ಕ್ಕೆ ಬೆಂಬಲವೂ ನಿಂತಿತು. ನೋಟ್ಸ್ ಮಾತ್ರ ಇನ್ನೂ ಕೈಯಿಂದ ಕೈಗೆ ಓಡಾಡುತ್ತಿವೆ. ಯಾಕೆ ಯಾರನ್ನೂ ಕೇಳಲಿಲ್ಲ ಅಂದೆ. 'ಇಂಗ್ಲಿಷ್‌ನಲ್ಲಿ ಹೇಗೆ ಕೇಳೋದು ಆಂಟಿ, ತಪ್ಪಾದರೆ ನಗ್ತಾರೆ' ಅಂದಳು. ಬ್ರಾಕೆಟ್ ಹಾಕಬೇಕು ಅಂತ ಹೇಳುವುದಕ್ಕೆ ಎರಡು ನಿಮಿಷ ಸಾಕು. ಆ ಎರಡು ನಿಮಿಷ ಕೊಡುವವರು ಸಿಗದೆ ಅವಳು, ಪ್ರೋಗ್ರಾಮಿಂಗ್ ನನ್ನ ತಲೆಗೆ ಹತ್ತುವುದಿಲ್ಲ ಅಂತಲೇ ತೀರ್ಮಾನ ಮಾಡಿಕೊಂಡಿದ್ದಳು.

ಗೊತ್ತಿರುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಯಾರಾದರೂ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರಿಸಿ. ಎರರ್ ಮೆಸೇಜ್ ಇಂಗ್ಲಿಷ್‌ನಲ್ಲೇ ಇರಲಿ, ಅದನ್ನು ಅನುವಾದ ಮಾಡಬೇಡಿ, ಅದರ ಅರ್ಥ ಬಿಡಿಸಿ ಹೇಳಿ. 'ಗೂಗಲ್ ಮಾಡು' ಅಂತ ಒಂದೇ ಮಾತಿನಲ್ಲಿ ಓಡಿಸಬೇಡಿ, ಕೇಳುವವರು ಅದನ್ನು ಮಾಡಿಯೇ ಸೋತು ಬಂದಿರುತ್ತಾರೆ. ಪೂರ್ತಿ ಪ್ರೋಗ್ರಾಮ್ ಬರೆದುಕೊಡುವುದಕ್ಕಿಂತ, ಆ ಹುಡುಗ ನನಗೆ 'ಉದ್ದ ಪ್ರಿಂಟ್ ಮಾಡಿ ನೋಡಿ' ಅಂದ ಹಾಗೆ, ಮುಂದಿನ ಒಂದು ಹೆಜ್ಜೆ ತೋರಿಸಿ.

ಕೇಳುವವರೂ ಸ್ವಲ್ಪ ತಯಾರಿ ಮಾಡಿಕೊಂಡು ಕೇಳಬೇಕು. ಎರರ್ ಬಂದಾಗ ಕೊನೆಯ ಸಾಲು ಮೊದಲು ಓದಿ, ಪೈಥಾನ್ ಅಸಲಿ ವಿಷಯ ಹೇಳುವುದು ಅಲ್ಲೇ. ಮೊಬೈಲಿನಲ್ಲಿ ತೆಗೆದ ಫೋಟೊದಲ್ಲಿ ಕಾಣದ ಅಕ್ಷರ ಬರುವುದಿಲ್ಲ, ಅಕ್ಷರವನ್ನೇ ಕಾಪಿ ಮಾಡಿ ಕಳಿಸಿ. ಮತ್ತೆ ದಯವಿಟ್ಟು ಜನರ ಆಧಾರ್ ನಂಬರ್, ಬ್ಯಾಂಕ್ ಖಾತೆ ಇರುವ ಪಟ್ಟಿಯನ್ನು ಹಾಗೇ ಯಾರಿಗೂ ಕಳಿಸಬೇಡಿ. ಸುಳ್ಳು ಹೆಸರಿನ ನಾಲ್ಕು ಸಾಲು ಮಾಡಿ ಅದರಲ್ಲೂ ಅದೇ ತೊಂದರೆ ಬರುತ್ತದಾ ನೋಡಿ. ಎಷ್ಟೋ ಸಲ ಆ ನಾಲ್ಕು ಸಾಲು ಮಾಡುವಾಗಲೇ ನಮಗೇ ತಪ್ಪು ಸಿಕ್ಕಿಬಿಡುತ್ತದೆ.

ಸಂಪಾದಕರೇ, ನಿಮ್ಮ ಪತ್ರಿಕೆಯಲ್ಲಿ ಹೊಸ ಮೊಬೈಲಿನ ಬಗ್ಗೆ ಬರುತ್ತದೆ, ಎಐ ಬಗ್ಗೆ ಬರುತ್ತದೆ. ವಾರಕ್ಕೊಂದು ಸಲ ಅಂಗೈ ಅಗಲದ ಜಾಗದಲ್ಲಿ ಇಂಥ ಒಂದು ಪ್ರಶ್ನೆ, ಅದಕ್ಕೆ ಓದುಗರೇ ಕಳಿಸಿದ ಉತ್ತರ ಹಾಕಬಹುದಲ್ವಾ? ಶುರು ಮಾಡುವುದಾದರೆ ಮೊದಲ ಪ್ರಶ್ನೆ ನನ್ನದೇ ಇರಲಿ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಅಂದರೆ ಪೈಥಾನ್ ಕಾಳಮ್ಮನನ್ನು ಕಾವೇರಿಗಿಂತ ಮೊದಲು ಕೂರಿಸುತ್ತದೆ, ಯಾಕೆಂದರೆ ಯೂನಿಕೋಡ್‌ನಲ್ಲಿ ಳ ಇರುವುದು ಲ ಆದ ಕೂಡಲೇ, ವ ಬರುವುದು ಅದರ ಆಮೇಲೆ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದಮೇಲೆ. ಸದ್ಯಕ್ಕೆ ನಾನು ಇಡೀ ವರ್ಣಮಾಲೆಯನ್ನು ಸ್ಕ್ರಿಪ್ಟ್‌ನಲ್ಲಿ ಕೈಯಾರೆ ಬರೆದುಕೊಟ್ಟು, ಆ ಕ್ರಮದಲ್ಲಿ ಜೋಡಿಸು ಅಂತ ಹೇಳಿದ್ದೇನೆ. ಇದಕ್ಕಿಂತ ಸುಲಭದ ದಾರಿ ಮಾಡಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

— ಹಾಲು ಸಂಘವೊಂದರ ಲೆಕ್ಕ ಬರೆಯುವವಳು, ಹಾಸನ ಜಿಲ್ಲೆ